ದಿನಕ್ಕೆ ಹದಿನೇಳು ತಲೆ

ಅವನಿಗೆ ಸಣ್ಣಕತ್ರಿ ಅಂತ ಹೆಸರಿಟ್ಟವನು ಅವನ ಹಳೆಯ ಯಜಮಾನ. ಹೊಗಳಿ ಇಟ್ಟ ಹೆಸರಲ್ಲ, ಹೊಟ್ಟೆ ಉರಿದು ಇಟ್ಟದ್ದು. ಬಸ್ ನಿಲ್ದಾಣದ ಎದುರಿನ ಆ ಕ್ಷೌರದಂಗಡಿಯಲ್ಲಿ ನಾಲ್ಕು ಕುರ್ಚಿ. ಇಪ್ಪತ್ತಮೂರು ವರ್ಷ ಅವನು ಮೂರನೆಯ ಕುರ್ಚಿಯ ಹಿಂದೆ ನಿಂತು ದುಡಿದ. ಉಳಿದ ಮೂವರು ಹನ್ನೆರಡು ನಿಮಿಷಕ್ಕೊಂದು ತಲೆ ಮುಗಿಸಿ ಬಟ್ಟೆ ಝಾಡಿಸುತ್ತಿದ್ದರೆ ಇವನಿಗೆ ಒಂದು ತಲೆಗೆ ಅರ್ಧ ಗಂಟೆ ಬೇಕು. ಮೆಷಿನ್ನು ಮುಟ್ಟುತ್ತಿರಲಿಲ್ಲ. ದೊಡ್ಡ ಕತ್ತರಿಯಲ್ಲಿ ಶುರುಮಾಡಿ, ಆಮೇಲೆ ಬೆರಳುದ್ದದ ಚಿಕ್ಕ ಕತ್ತರಿ ಹಿಡಿದು, ಕಿವಿಯ ಸುತ್ತ, ಸುಳಿಯ ಹತ್ತಿರ, ಕತ್ತಿನ ಹಿಂದೆ ಒಂದೊಂದೇ ಎಳೆಯನ್ನು ವಿಚಾರಿಸಿಕೊಂಡು ಬರುತ್ತಿದ್ದ. ಅವನು ಕತ್ತರಿಸಿದ ತಲೆ ತಿಂಗಳಾದರೂ ಕೆದರುತ್ತಿರಲಿಲ್ಲ. ಅದು ಯಜಮಾನನಿಗೆ ಬೇಕಾಗಿದ್ದ ಗುಣವಲ್ಲ. ಅವನಿಗೆ ಬೇಕಾಗಿದ್ದದ್ದು ಬೇಗ ಕೆದರುವ ತಲೆ, ಬೇಗ ಖಾಲಿಯಾಗುವ ಕುರ್ಚಿ.

"ಏಯ್ ಸಣ್ಣಕತ್ರಿ, ಕೂದಲು ಕತ್ತರಿಸ್ತಿದ್ದೀಯೋ ಹೊಲಿತಿದ್ದೀಯೋ?"

"ಕತ್ತರಿಸ್ತಿದೀನಿ. ಹೊಲಿಗೆ ಬೇಕಾದ್ರೆ ನಿಮ್ಮ ಬಾಯಿಗೆ ಹಾಕಿಕೊಡ್ತೀನಿ."

ಬೆಂಚಿನ ಮೇಲೆ ಕಾಯುತ್ತಿದ್ದವರು ಗೊಳ್ಳೆನ್ನುತ್ತಿದ್ದರು. ಇವನಿಗೆ ಕೋಪ ಮೂಗಿನ ತುದಿಯಲ್ಲಿ, ಮಾತು ನಾಲಿಗೆ ತುದಿಯಲ್ಲಿ. ಯಜಮಾನನೂ ಬೈದುಕೊಂಡೇ ನಗುತ್ತಿದ್ದ. ಯಾಕೆಂದರೆ ಪ್ರತಿ ತಲೆಯ ಅರ್ಧ ದುಡ್ಡು ಅವನ ಗಲ್ಲಾಪೆಟ್ಟಿಗೆಗೆ ಬೀಳುತ್ತಿತ್ತಲ್ಲ.

ಒಂದು ಭಾನುವಾರ ನಗು ನಿಂತಿತು. ಅಂಗಡಿ ತುಂಬ ಜನ. ಸಣ್ಣಕತ್ರಿ ಒಬ್ಬ ವಯಸ್ಸಾದವರ ಕಿವಿಯ ಹಿಂದೆ ಕೆಲಸದಲ್ಲಿದ್ದ. ಯಜಮಾನ ಎದ್ದು ಬಂದವನೇ ಅವನ ಕೈಯಿಂದ ಕತ್ತರಿ ಕಿತ್ತುಕೊಂಡು, ಮೆಷಿನ್ನು ತೆಗೆದು, ಉಳಿದ ಅರ್ಧ ತಲೆಯನ್ನು ಕಣ್ಣು ಮಿಟುಕಿಸುವುದರೊಳಗೆ ಬೋಳಿಸಿ, "ಮುಂದಿನೋರು ಬನ್ನಿ" ಅಂದುಬಿಟ್ಟ. ಸಣ್ಣಕತ್ರಿ ಆ ಹಿರಿಯರ ಕತ್ತು ಒರೆಸಿದ, ಬಟ್ಟೆ ಮಡಿಸಿದ, ಡ್ರಾಯರಿನಿಂದ ತನ್ನ ಎರಡು ಕತ್ತರಿ, ಒಂದು ಬಾಚಣಿಗೆ ತೆಗೆದುಕೊಂಡು ಹೊರಟ.

"ಹೋಗು ಹೋಗು," ಅಂದ ಯಜಮಾನ. "ಮೂರು ತಿಂಗಳು ನಿನ್ನ ಕುರ್ಚಿ ಖಾಲಿ ಇಟ್ಟಿರ್ತೀನಿ. ಹೊಟ್ಟೆ ಚುರುಗುಟ್ಟಿದಾಗ ಬಾ. ಆದರೆ ಆಗ ಅರ್ಧ ಪಾಲಿಲ್ಲ ಕಣೋ, ಮೂರರಲ್ಲಿ ಒಂದು."

ಹೀಗೆ ನಲವತ್ತೇಳನೆಯ ವಯಸ್ಸಿನಲ್ಲಿ ಸಣ್ಣಕತ್ರಿ ಸ್ವಂತ ಅಂಗಡಿ ಹುಡುಕತೊಡಗಿದ. ದೊಡ್ಡವನಾಗಬೇಕು, ನಾಲ್ಕು ಜನರನ್ನು ಆಳಬೇಕು ಅಂತೇನಲ್ಲ. ತನ್ನದೇ ನಾಲ್ಕು ಗೋಡೆಯೊಳಗೆ, ಬೆನ್ನ ಹಿಂದಿನಿಂದ ಯಾರೂ ಕೂಗದ ಹಾಗೆ, ಒಂದು ತಲೆಗೆ ಅರ್ಧ ಗಂಟೆ ಕೊಡಬೇಕು. ಅಷ್ಟೇ ಅವನ ಆಸೆ. ಕೇಳಿದವರು ಇಷ್ಟೇನಾ ಅನ್ನುತ್ತಿದ್ದರು. ಇಷ್ಟೇ ಅನ್ನುವುದಕ್ಕೇ ಈ ಲೋಕದಲ್ಲಿ ಬೆಲೆ ಜಾಸ್ತಿ ಅನ್ನುವುದು ಆಮೇಲೆ ಗೊತ್ತಾಗುವ ವಿಷಯ.

ಜಾಗ ಸಿಕ್ಕಿತು. ಮುಖ್ಯರಸ್ತೆಯಿಂದ ಎರಡು ತಿರುವು ಒಳಗೆ, ಒಂದು ಔಷಧದಂಗಡಿಗೂ ಗಾಜಿನ ಕೆಲಸದವನಿಗೂ ಮಧ್ಯೆ, ಹತ್ತಡಿಗೆ ಹದಿನಾಲ್ಕಡಿಯ ಕೋಣೆ. ಅಲ್ಲಿ ಮೊದಲೂ ಕ್ಷೌರದಂಗಡಿಯೇ ಇತ್ತಂತೆ. ಮುಚ್ಚಿ ಮೂರು ತಿಂಗಳಾಗಿತ್ತು. ಗೋಡೆಯ ಮೇಲೆ ಹಳೆಯ ಕನ್ನಡಿಯ ಚೌಕ ಗುರುತು, ನೆಲದಲ್ಲಿ ಕುರ್ಚಿ ಕೂರಿಸಿದ್ದ ಬೋಲ್ಟಿನ ತೂತು ಹಾಗೇ ಇದ್ದವು. "ಪಳಗಿದ ಜಾಗ," ಅಂದುಕೊಂಡ ಸಣ್ಣಕತ್ರಿ. ಮೊದಲಿನವನು ಯಾಕೆ ಬಿಟ್ಟುಹೋದ ಅಂತ ಕೇಳಲಿಲ್ಲ. ಕಟ್ಟಡದ ಒಡತಿ ಹೇಳಲೂ ಇಲ್ಲ. ಆರು ತಿಂಗಳ ಬಾಡಿಗೆ ಮುಂಗಡ, ವರ್ಷದೊಳಗೆ ಬಿಟ್ಟರೆ ಒಂದು ಕಾಸೂ ವಾಪಸ್ಸಿಲ್ಲ ಅನ್ನುವುದನ್ನು ಮಾತ್ರ ಆಕೆ ಎರಡು ಸಲ ಹೇಳಿದಳು.

ಲೆಕ್ಕ ಹಾಕಿಕೊಡಲು ಬಂದವನು ಭಾವಮೈದ, ಹೆಂಡತಿಯ ತಮ್ಮ. ಅವನು ಬಿಡಿಭಾಗಗಳ ಗೋದಾಮಿನಲ್ಲಿ ಸ್ಟಾಕ್ ಬರೆಯುವವನು. ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ಲು. ಗಂಟಲು ಕೆರೆದರೂ ಉತ್ತರದ ಕೆಳಗೆ ಎರಡು ಗೆರೆ ಎಳೆದ ಹಾಗೆ ಕೆರೆಯುವ ಆಸಾಮಿ. ರಜೆಯ ಒಂದು ಮಧ್ಯಾಹ್ನ ಅಕ್ಕನ ಮನೆಯ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತ.

"ಭಾವ, ವ್ಯಾಪಾರ ಅಂದ್ರೆ ಎರಡೇ ಪ್ರಶ್ನೆ. ಗಿರಾಕಿ ಬಂದ್ರೂ ಬರದಿದ್ರೂ ತಿಂಗಳಿಗೆ ಕೊಡಲೇಬೇಕಾದ್ದು ಎಷ್ಟು? ಒಬ್ಬ ಗಿರಾಕಿ ಬಂದ್ರೆ ಕೈಯಲ್ಲಿ ನಿಲ್ಲೋದು ಎಷ್ಟು? ಮೊದಲನೇದನ್ನ ಎರಡನೇದರಿಂದ ಭಾಗಿಸಿದ್ರೆ ಬ್ರೇಕ್ ಈವನ್ನು. ಅಂದ್ರೆ ಲಾಭಾನೂ ಇಲ್ಲ, ನಷ್ಟಾನೂ ಇಲ್ಲ. ಸಮ."

"ಲಾಭ ಇಲ್ದೆ ಇರೋಕೆ ಅಂಗಡಿ ಯಾಕೋ? ಮನೇಲಿ ಮಲಗಿದ್ರೂ ಲಾಭ ಇಲ್ಲ."

"ಅಯ್ಯೋ, ಅದು ಹೊಸ್ತಿಲು ಭಾವ. ದಾಟಿದ ಮೇಲೆ ಬರೋ ಒಂದೊಂದು ತಲೇನೂ ನಿಂದೇ."

ಬಾಡಿಗೆ ಹನ್ನೆರಡು ಸಾವಿರ. ಕರೆಂಟು, ನೀರು ಎರಡೂವರೆ. ಕುರ್ಚಿ, ಕನ್ನಡಿ, ಬೋರ್ಡಿನ ಕಂತು ಐದೂವರೆ. ಪೇಪರು, ಪರವಾನಗಿ, ಚಿಲ್ಲರೆ ಒಂದು. ಇವನ ಕೂಲಿ, ಅಂದರೆ ಮನೆಗೆ ಬರಬೇಕಾದ್ದು, ಹದಿನೆಂಟು. ಒಟ್ಟು ಮೂವತ್ತೊಂಬತ್ತು ಸಾವಿರ. ಒಂದು ತಲೆಗೆ ನೂರು ಅಂತ ಇಟ್ಟರೆ ಬ್ಲೇಡು, ಪೌಡರು, ಟವೆಲು ಒಗೆಸುವ ಖರ್ಚು ಹತ್ತು ಹೋಗಿ ತೊಂಬತ್ತು ಉಳಿಯುತ್ತೆ. ಭಾಗಿಸಿದರೆ ನಾನೂರ ಮೂವತ್ತನಾಲ್ಕು ತಲೆ. ತಿಂಗಳಿಗೆ ಇಪ್ಪತ್ತಾರು ದಿನ ಅಂಗಡಿ ತೆರೆದರೆ...

"ಹದಿನೇಳು!" ಅಂತ ಪೆನ್ಸಿಲ್ಲಿನಿಂದ ಹಾಳೆಗೆ ಗುದ್ದಿದ ಭಾವಮೈದ. "ದಿನಕ್ಕೆ ಹದಿನೇಳು ತಲೆ. ತಲೆಗೆ ಅರ್ಧ ಗಂಟೆ ಅಂದ್ರೂ ಎಂಟೂವರೆ ಗಂಟೆ. ಹೇಳಿ ಮಾಡಿಸಿದ ಹಾಗಿದೆ ನೋಡು!"

ಸಣ್ಣಕತ್ರಿ ಆ ಹಾಳೆಯನ್ನು ಎತ್ತಿ ಹಿಡಿದು ನೋಡಿದ. ಐದನೆಯ ತರಗತಿಗೆ ಶಾಲೆ ಬಿಟ್ಟವನು. ಭಾಗಾಕಾರ ಅವನಿಗೆ ಅರೆಬರೆ. ಆದರೆ ಹದಿನೇಳು ಅನ್ನುವುದು ಗೊತ್ತು. ಹಳೆಯ ಅಂಗಡಿಯಲ್ಲಿ ದಿನಾ ಹದಿನೈದು, ಹದಿನಾರು ಮಾಡಿದವನಿಗೆ ಹದಿನೇಳು ಯಾವ ದೊಡ್ಡ ಬೆಟ್ಟ?

ಹೆಂಡತಿ ಗೋಡೆಗೆ ಒರಗಿ ಕೂತು ಕೇಳುತ್ತಿದ್ದಳು. ಅವಳಿಗೆ ಚಮಚ ತಯಾರಿಸುವ ಕಾರ್ಖಾನೆಯಲ್ಲಿ ಹನ್ನೆರಡು ಹನ್ನೆರಡು ಎಣಿಸಿ ಪೆಟ್ಟಿಗೆಗೆ ತುಂಬುವ ಕೆಲಸ. ಎಣಿಸುವುದು ಬಿಟ್ಟು ಬೇರೆ ಲೆಕ್ಕ ಗೊತ್ತಿಲ್ಲ. ಎಣಿಕೆ ಮಾತ್ರ ತಪ್ಪದು.

"ಒಂದು ತಲೆ ಎಷ್ಟು ದಿನಕ್ಕೊಂದು ಸಲ ಬರುತ್ತೆ?" ಅಂದಳು.

"ಅಕ್ಕ, ಇದು ದಿನದ ಲೆಕ್ಕ."

"ದಿನದ್ದೇ ಕೇಳ್ತಿರೋದು. ಇವತ್ತು ಒಂದು ಡಜನ್ ಚಮಚ ತಗೊಂಡೋನು ನಾಳೆ ಇನ್ನೊಂದು ಡಜನ್ ತಗೋಬಹುದು. ತಲೆ ಒಂದೇ ತಾನೆ?"

ಗಂಡಸರಿಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. "ನಿನಗೆ ಚಮಚ ಗೊತ್ತು, ನನಗೆ ತಲೆ ಗೊತ್ತು," ಅಂದ ಸಣ್ಣಕತ್ರಿ. "ಇಪ್ಪತ್ತಮೂರು ವರ್ಷದಲ್ಲಿ ಒಂದು ದಿನ ತಲೆ ಬರ್ಲಿಲ್ಲ ಅನ್ನೋದನ್ನ ನಾನು ಕಂಡಿಲ್ಲ. ಹೋಗು, ಟೀ ಇಡು."

ಅವಳು ಟೀ ಇಟ್ಟಳು.

ಆ ತಪ್ಪು ಕ್ಷೌರಿಕನೊಬ್ಬನೇ ಮಾಡಬಲ್ಲ ತಪ್ಪು. ಜೀವಮಾನವೆಲ್ಲ ಅವನು ತಲೆಯನ್ನು ಹಿಂದಿನಿಂದ ನೋಡಿದವನು. ಒಂದು ಇಳಿಯಿತು, ಇನ್ನೊಂದು ಹತ್ತಿತು. ಬಸ್ ನಿಲ್ದಾಣದ ಎದುರು ಊರಿಗೆ ಊರೇ ದಿನಾ ಇಳಿಯುತ್ತದೆ. ಅಲ್ಲಿ ತಲೆಗೆ ಬರವಿಲ್ಲ. ತಲೆ ಬರುವುದು ತನ್ನ ಕೈಗೆ ಅಂತ ಅವನು ತಿಳಿದಿದ್ದ. ಬರುತ್ತಿದ್ದದ್ದು ಬಸ್ಸಿಗೆ.

ಅಂಗಡಿ ತೆರೆದ ಮೊದಲ ದಿನ ಇಪ್ಪತ್ತೊಂದು ತಲೆ. ಎರಡನೆಯ ದಿನ ಹತ್ತೊಂಬತ್ತು. ಬೀದಿಯವರೆಲ್ಲ ಕೂದಲು ಬಿಟ್ಟುಕೊಂಡು ಇವನಿಗೇ ಕಾಯುತ್ತಿದ್ದವರ ಹಾಗೆ ಬಂದರು. ಹಣೆ ಮುಚ್ಚಿದವರು, ಕಿವಿ ಮುಚ್ಚಿದವರು, ಕಾಲರಿನ ಮೇಲೆ ಕೂದಲು ಮಡಚಿ ಕೂತವರು. ಹಳೆಯ ಅಂಗಡಿಯ ಗಿರಾಕಿಗಳೂ ಎರಡು ಬಸ್ ಬದಲಾಯಿಸಿ ಬಂದು, "ಚೆನ್ನಾಗಿದೆ, ಗಾಳಿ ಬೆಳಕು ಇದೆ" ಅಂತ ಹರಸಿ, ಕತ್ತರಿಸಿಕೊಂಡು ಹೋದರು. ಸಣ್ಣಕತ್ರಿ ಬೆಳಿಗ್ಗೆ ಎಂಟಕ್ಕೆ ನಿಂತರೆ ಸಂಜೆ ಏಳಕ್ಕೆ ಕೂರುತ್ತಿದ್ದ. ಕಾಲು ಕಂಬವಾಗುತ್ತಿತ್ತು, ಮನಸ್ಸು ಹತ್ತಿಯಾಗಿತ್ತು. ಅರ್ಧ ಗಂಟೆಗೊಂದು ತಲೆ. ಬೆನ್ನ ಹಿಂದೆ ಯಾರೂ ಇಲ್ಲ. ಕತ್ತರಿಯ ಸದ್ದು ಬಿಟ್ಟರೆ ಔಷಧದಂಗಡಿಯ ಫ್ಯಾನಿನ ಸದ್ದು. ಒಬ್ಬ ಅಂಚೆಯವನಂತೂ ಕುರ್ಚಿಯಲ್ಲೇ ನಿದ್ದೆಹೋಗಿ, ಎದ್ದಮೇಲೆ ಕನ್ನಡಿ ನೋಡಿ, "ಇದು ನಾನೇನಾ?" ಅಂದ. ಆ ಒಂದು ಮಾತಿಗೆ ಸಣ್ಣಕತ್ರಿ ಎರಡು ದಿನ ಉಬ್ಬಿಕೊಂಡಿದ್ದ.

ತಿಂಗಳ ಕೊನೆಗೆ ನಾನೂರ ನಲವತ್ತು ತಲೆ.

"ಭಾವ, ಮೊದಲನೇ ತಿಂಗಳೇ ಹೊಸ್ತಿಲು ದಾಟಿದೆ!" ಭಾವಮೈದ ಕುಣಿದಾಡಿದ. "ದೊಡ್ಡ ದೊಡ್ಡ ಕಂಪನಿಗೆ ಮೂರು ವರ್ಷ ಬೇಕು ಇದಕ್ಕೆ."

ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ಸಣ್ಣಕತ್ರಿ ಕುಲಾವಿಯನ್ನು ತಾನೇ ಹಾಕಿಕೊಂಡು ಮೆರೆಯಲು ಹೊರಟ. ಮರುದಿನವೇ ಹಳೆಯ ಅಂಗಡಿಗೆ ಹೋದ. ಮೂರನೆಯ ಕುರ್ಚಿ ನಿಜವಾಗಿಯೂ ಖಾಲಿ ಇತ್ತು. ಅದರ ಮೇಲೆ ಒಗೆದ ಟವೆಲುಗಳನ್ನು ಮಡಿಸಿಟ್ಟಿದ್ದರು.

"ಬಂದ್ಯಾ? ಬಾ," ಅಂದ ಯಜಮಾನ, ಟವೆಲು ಎತ್ತಲು ಕೈಹಾಕಿ. ಅವನ ದನಿಯಲ್ಲಿ ಆವತ್ತು ಕುಹಕವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಯಾಕೆ ಬರ್ಲಿ? ತಿಂಗಳಿಗೆ ನಾನೂರ ನಲವತ್ತು ತಲೆ ನಂದು. ಆ ಕುರ್ಚೀಲಿ ನಿಮ್ಮನೆ ನಾಯಿ ಕೂರಿಸ್ಕೊಳಿ. ಅದಕ್ಕೂ ನಿಮ್ಮಷ್ಟೇ ಬೇಗ ಬೊಗಳೋಕೆ ಬರುತ್ತೆ."

ಬೆಂಚಿನವರು ಈ ಸಲವೂ ನಕ್ಕರು. ಯಜಮಾನ ಮಾತ್ರ ನಗಲಿಲ್ಲ. ಟವೆಲನ್ನು ಎತ್ತಿದವನು ಮತ್ತೆ ಅಲ್ಲೇ ಇಟ್ಟ. ಆ ವಾರವೇ ಮೂರನೆಯ ಕುರ್ಚಿಗೆ ಹೊಸಬ ಬಂದನಂತೆ.

ಎರಡನೆಯ ತಿಂಗಳ ಮೊದಲ ಸೋಮವಾರ ಎಂದಿನಂತೆ ರಜೆ. ಮಂಗಳವಾರ ಹನ್ನೊಂದು ತಲೆ. ಬುಧವಾರ ಎಂಟು. ಆಮೇಲೆ ಆರು, ಏಳು, ಒಂದು ದಿನ ಮೂರು. ಸಣ್ಣಕತ್ರಿ ಮೊದಲು ಬಿಸಿಲಿಗೆ ಬೈದ. ಆಮೇಲೆ ಬಾಗಿಲ ಮುಂದೆ ಅಗೆದ ಚರಂಡಿಗೆ ಬೈದ. ಗಾಜಿನ ಕೆಲಸದವನ ಕೊರೆಯುವ ಸದ್ದಿಗೆ ಗಿರಾಕಿ ಹೆದರುತ್ತಾರೆ ಅಂತ ಅವನ ಜತೆ ಜಗಳ ತೆಗೆದ. ಬೈಯುವುದಕ್ಕೆ ಯಾರೂ ಉಳಿಯದಾಗ ಕುರ್ಚಿಯಲ್ಲಿ ತಾನೇ ಕೂತು, ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು, ದಾರಿಯಲ್ಲಿ ಹೋಗುವವರ ತಲೆ ಎಣಿಸತೊಡಗಿದ. ಎಲ್ಲ ಗುರುತಿನ ತಲೆಗಳೇ. ಎಲ್ಲ ಅವನೇ ಕತ್ತರಿಸಿದ್ದು. ಅಚ್ಚುಕಟ್ಟಾಗಿ, ಒಂದು ಎಳೆ ಹೊರಗೆ ಬಾರದ ಹಾಗೆ, ಇನ್ನೂ ಒಂದು ತಿಂಗಳು ಕತ್ತರಿ ಬೇಡದ ಹಾಗೆ. ಅಂಚೆಯವನು ಸೈಕಲ್ಲಿನ ಮೇಲಿಂದಲೇ ತಲೆ ಸವರಿಕೊಂಡು, "ಇನ್ನೂ ಗಟ್ಟಿಯಾಗಿದೆ ಕಣಣ್ಣ!" ಅಂತ ಖುಷಿಯಿಂದ ಕೂಗಿ ಹೋದ.

ತನ್ನ ಕೈಗುಣವೇ ತನ್ನ ಹೊಟ್ಟೆಗೆ ಕಲ್ಲು ಹಾಕುತ್ತಿರುವುದು ಅವತ್ತು ಅವನಿಗೆ ಹೊಳೆಯಿತು. ಅದನ್ನು ಯಾರಿಗೂ ಹೇಳಲಿಲ್ಲ. ಹೇಳುವಂಥದ್ದಲ್ಲ.

ಆ ತಿಂಗಳು ನೂರ ತೊಂಬತ್ತು. ಮೂರನೆಯ ತಿಂಗಳು ಇನ್ನೂರ ನಾಲ್ಕು.

ಹೆಂಡತಿ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದ್ದಳು. ಕಾರ್ಖಾನೆಗೆ ಹೋಗಿಬರುವಾಗ ದಿನಕ್ಕೊಂದು ಬೀದಿ ಬದಲಾಯಿಸಿ ನಡೆದು, ಮನೆ ಎಣಿಸಿ, ನಲ್ಲಿಯ ಹತ್ತಿರ ನಿಂತ ಹೆಂಗಸರ ಜತೆ ಮಾತಿಗೆ ಮಾತು ತೆಗೆದು, ಯಾರ ಮನೆಯಲ್ಲಿ ಎಷ್ಟು ಗಂಡಸರು, ಯಾರು ಎಲ್ಲಿಗೆ ಹೋಗುತ್ತಾರೆ ಅಂತ ತಿಳಿದುಕೊಂಡಿದ್ದಳು. ಒಂದು ಬೆಳಿಗ್ಗೆ ಗಂಡನ ಮುಂದೆ ತಟ್ಟೆ ಇಟ್ಟು, ಎದುರಿಗೆ ಕೂತು ಹೇಳಿದಳು:

"ಏಳು ಬೀದಿ ಸೇರಿ ಆರುನೂರು ಗಂಡಸು ತಲೆ. ಅರ್ಧ ಜನ ಮುಖ್ಯರಸ್ತೆ ಅಂಗಡಿಗೆ ಹೋಗ್ತಾರೆ. ಅಲ್ಲಿ ಟಿವಿ ಇದೆ. ಉಳಿದದ್ದು ಮುನ್ನೂರು. ನಲವತ್ತು ದಿನಕ್ಕೊಂದು ಸಲ ಬರ್ತಾರೆ. ದಿನಕ್ಕೆ ಏಳೂವರೆ ತಲೆ ಆಗುತ್ತೆ. ಅದಕ್ಕಿಂತ ಒಂದು ಕೂದಲೂ ಜಾಸ್ತಿ ಆಗಲ್ಲ."

"ಮೊದಲನೇ ತಿಂಗಳು ಆಯ್ತಲ್ಲ!"

"ಮೊದಲಿನೋನು ಮುಚ್ಚಿ ಮೂರು ತಿಂಗಳಾಗಿತ್ತು. ಅಲ್ಲಿವರೆಗೂ ಬೆಳೆದು ನಿಂತಿದ್ದನ್ನ ನೀವು ಕೊಯ್ದ್ರಿ. ಇನ್ನು ಮೊಳಕೆ ಬಂದಷ್ಟೇ ಸಿಗೋದು. ಅವನೂ ಇದಕ್ಕೇ ಹೋಗಿದ್ದು. ನಲ್ಲಿ ಹತ್ರ ಎಲ್ಲರಿಗೂ ಗೊತ್ತು."

ಅವನಿಗೆ ರೇಗಿತು. ಲೆಕ್ಕ ತಪ್ಪಾಗಿದ್ದರೆ ಇಷ್ಟು ರೇಗುತ್ತಿರಲಿಲ್ಲ. ತಟ್ಟೆಯನ್ನು ಎಷ್ಟು ಜೋರಾಗಿ ತಳ್ಳಿದನೆಂದರೆ ಅದು ಮೇಜಿನ ಆ ತುದಿಯಿಂದ ಬಿದ್ದು ಗಿರಗಿರ ಸುತ್ತಿತು.

"ಬೀದಿ ಬೀದಿ ತಿರುಗಿ ಗಂಡಸರ ತಲೆ ಎಣಿಸಿದ್ಯಾ? ಮಾನ ಇದೆಯಾ ನಿನಗೆ?"

"ನೀವು ಎಣಿಸಬೇಕಾಗಿತ್ತು. ನೀವು ಎಣಿಸಲಿಲ್ಲ," ಅಂದಳು ಅವಳು, ತಟ್ಟೆ ಸುತ್ತುವುದು ನಿಲ್ಲುವವರೆಗೂ ಅದನ್ನೇ ನೋಡುತ್ತ. "ಅವತ್ತೇ ಕೇಳಿದ್ದೆ. ಟೀ ಇಡು ಅಂದ್ರಿ."

ಭಾವಮೈದನನ್ನು ಕರೆಸಲಾಯಿತು. ಅವನು ಹಳೆಯ ಹಾಳೆಯನ್ನೇ ತಂದ. ಬೆಲೆ ನೂರೈವತ್ತಕ್ಕೆ ಏರಿಸಿ ನೋಡಿದರು. ಮೂರು ದಿನದಲ್ಲಿ ಬಂದದ್ದು ಐದು ಜನ, ಅದರಲ್ಲಿ ಇಬ್ಬರು ಬೆಲೆ ಕೇಳಿ ಕುರ್ಚಿಯಿಂದ ಎದ್ದುಹೋದರು. ಒಬ್ಬನಂತೂ ಬಟ್ಟೆ ಸುತ್ತಿಸಿಕೊಂಡ ಮೇಲೆ ಎದ್ದ. ಬೆಲೆ ಮತ್ತೆ ನೂರಕ್ಕೆ ಇಳಿಯಿತು. ಆಮೇಲೆ ಭಾವಮೈದ ಪೆನ್ಸಿಲ್ ಚೂಪು ಮಾಡಿಕೊಂಡು, ತುಂಬ ಹೊತ್ತು ಯೋಚಿಸಿ, ಹಾಳೆಯಲ್ಲಿ ಒಂದು ಸಾಲನ್ನು ಹೊಡೆದುಹಾಕಿದ.

"ಭಾವ, ದಾರಿ ಸಿಕ್ತು! ಈ ಹದಿನೆಂಟು ಸಾವಿರ ತೆಗೆದುಬಿಟ್ರೆ ಖರ್ಚು ಇಪ್ಪತ್ತೊಂದೇ ಸಾವಿರ. ದಿನಕ್ಕೆ ಒಂಬತ್ತು ತಲೆ ಸಾಕು!"

"ಅದು ಯಾವ ಹದಿನೆಂಟು?"

"ನಿನ್ನ ಕೂಲಿ."

ಸಣ್ಣಕತ್ರಿ ಅವನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು ಎರಡು ತುಂಡು ಮಾಡಿದ. "ಯಜಮಾನ ಅರ್ಧ ಕೊಡ್ತಿದ್ದ. ಮೂರರಲ್ಲೊಂದು ಕೊಡ್ತೀನಿ ಅಂತನಾದ್ರೂ ಅಂದ. ನನ್ನ ಅಂಗಡೀಲಿ ನನಗೆ ಸೊನ್ನೆನಾ? ಹದಿನೆಂಟನೇ ತಲೆಯಿಂದ ಎಲ್ಲ ನಂದೇ ಅಂದೋನು ನೀನೇ ಅಲ್ವಾ? ಹದಿನೇಳೂ ಬಾಡಿಗೆಯವಳದು, ಕರೆಂಟಿನವನದು, ಕನ್ನಡಿಯವನದು!"

"ಮತ್ತೆ ಮುಚ್ಚಿಬಿಡಿ," ಅಂದಳು ಹೆಂಡತಿ. "ಮುಂಗಡ ಹೋದ್ರೆ ಹೋಗಲಿ. ನನ್ನ ಸಂಬಳದಲ್ಲಿ ಹೇಗೋ ಆಗುತ್ತೆ. ಎಲ್ಲಾದ್ರೂ ಕುರ್ಚಿ ಸಿಗುತ್ತೆ."

ಎಲ್ಲಿ ಸಿಗುತ್ತೆ? ಅರ್ಧ ಗಂಟೆಗೊಂದು ತಲೆ ಮಾಡುವವನಿಗೆ ಇಡೀ ಊರಿನಲ್ಲಿ ಕುರ್ಚಿ ಕೊಟ್ಟವನು ಒಬ್ಬನೇ. ಅವನ ಮನೆಯ ನಾಯಿಯ ಸುದ್ದಿ ಎತ್ತಿ ಬಂದಾಗಿತ್ತು. ಮುಚ್ಚುವುದಿಲ್ಲ ಅಂದ ಸಣ್ಣಕತ್ರಿ. ಹಟಕ್ಕೆ ಅಂದನೋ, ಬೇರೆ ದಾರಿ ಇಲ್ಲದೆ ಅಂದನೋ, ಎರಡೂ ಸೇರಿ ಅಂದನೋ. ಅಂದದ್ದಂತೂ ನಿಜ.

ಹದಿನೈದು ದಿನ ಬಿಟ್ಟು ಭಾವಮೈದ ಹೊಸ ಪೆನ್ಸಿಲ್ಲಿನ ಜತೆ ಹೊಸ ಸುದ್ದಿಯನ್ನೂ ತಂದ. ಅವನ ಗೋದಾಮಿನ ಹಿಂದೆ ಕಾವಲುಗಾರರಿಗೆ ತರಬೇತಿ ಕೊಡುವ ಜಾಗ. ಅಲ್ಲಿ ಎರಡು ತಂಡ, ಒಂದೊಂದರಲ್ಲಿ ತೊಂಬತ್ತೈದು ಜನ. ಪ್ರತಿ ವಾರ ಎಲ್ಲರ ತಲೆಯನ್ನೂ ಒಂದೇ ಅಳತೆಗೆ ಇಳಿಸಬೇಕು. ತಲೆಗೆ ಮೂವತ್ತು. ಸೋಮವಾರ ಒಂದು ತಂಡ, ಗುರುವಾರ ಇನ್ನೊಂದು. ವಾರಕ್ಕೆ ನೂರ ತೊಂಬತ್ತು ತಲೆ.

"ಒಂದು ತಲೆಗೆ ನಾಲ್ಕು ನಿಮಿಷ ಭಾವ. ಮೆಷಿನ್ನು ಓಡಿಸೋದು ಅಷ್ಟೇ. ನಿನ್ನ ಕೂಲೀನ ಮತ್ತೆ ಲೆಕ್ಕಕ್ಕೆ ಸೇರಿಸಬಹುದು."

ಸಣ್ಣಕತ್ರಿ ಎರಡು ದಿನ ತನ್ನ ಕತ್ತರಿಗಳನ್ನೇ ಸಾಣೆ ಹಿಡಿಯುತ್ತ ಕೂತ. ಮೂರನೆಯ ದಿನ ಕಟ್ಟಡದ ಒಡತಿ ಬಾಡಿಗೆಗೆ ಬಂದು, ಗಿರಾಕಿಯ ಕುರ್ಚಿಯಲ್ಲಿ ಕೂತು, ಕನ್ನಡಿಯಲ್ಲಿ ತನ್ನ ಕನ್ನಡಕ ಸರಿಮಾಡಿಕೊಳ್ಳುತ್ತ, "ಹೋದೋನೂ ಕೆಟ್ಟವನಲ್ಲ, ಪಾಪ," ಅಂದಳು. ಆ ಸಂಜೆ ಅವನು ಮೆಷಿನ್ನು ಕೊಂಡು ತಂದ.

ಮೊದಲ ಸೋಮವಾರ ತಗಡಿನ ಮಾಡಿನ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ. ಕನ್ನಡಿ ಇಲ್ಲ. ಸಾಲಾಗಿ ನಿಂತ ಗಂಡಸರು. ಇಪ್ಪತ್ತರವರೂ ಇದ್ದರು, ಐವತ್ತು ದಾಟಿದವರೂ ಇದ್ದರು. ಪಕ್ಕದಲ್ಲಿ ಸೀಟಿ ಹಾಕಿಕೊಂಡ ಒಬ್ಬ ಮೇಲ್ವಿಚಾರಕ. ಸಣ್ಣಕತ್ರಿ ಮೊದಲನೆಯವನ ತಲೆಯ ಮೇಲೆ ಎಡಗೈ ಇಟ್ಟು, ಸುಳಿ ಎಲ್ಲಿದೆ, ಕೂದಲು ಯಾವ ಕಡೆ ಮಲಗುತ್ತೆ ಅಂತ ಬೆರಳಿನಲ್ಲಿ ನೋಡುತ್ತಿದ್ದ. ಅಭ್ಯಾಸ.

"ಏನ್ರೀ, ಜಾತಕ ಓದ್ತಿದ್ದೀರಾ?" ಅಂದ ಮೇಲ್ವಿಚಾರಕ. ಸಾಲು ನಕ್ಕಿತು.

ನಾಲಿಗೆಯ ತುದಿಗೆ ಮಾತು ಬಂತು. ಸಣ್ಣಕತ್ರಿ ನುಂಗಿಕೊಂಡ. ಮೆಷಿನ್ನು ಒತ್ತಿದ.

ಮೂವತ್ತು ಮೂವತ್ತೈದನೆಯ ತಲೆಯ ಹೊತ್ತಿಗೆ ನಲವತ್ತರ ಹತ್ತಿರದ ಒಬ್ಬ ಬಂದು ಕೂತ. ಒತ್ತಾದ, ಅಲೆಯಾದ ಕೂದಲು. ಯಾರೋ ಪ್ರೀತಿಯಿಂದ ನೋಡಿಕೊಂಡದ್ದು. "ಮುಂದೆ ಸ್ವಲ್ಪ ಬಿಡ್ತೀರಾ ಅಣ್ಣ? ಹೆಂಡ್ತಿ ಮುಖ ನೋಡಲ್ಲ ನನ್ನದು," ಅಂತ ಮೆಲ್ಲಗೆ ಅಂದ. ಅಂಥ ಕೂದಲು ಸಿಕ್ಕಿ ಸಣ್ಣಕತ್ರಿಗೆ ವರ್ಷವಾಗಿತ್ತು. ಬೆರಳುಗಳಿಗೆ ಗೊತ್ತಾಯಿತು. ಸೀಟಿಯವನು ಗಡಿಯಾರ ನೋಡಿದ. ಸಣ್ಣಕತ್ರಿ ಹಣೆಯಿಂದ ಹಿಂದಕ್ಕೆ ಒಂದೇ ಗೆರೆಯಲ್ಲಿ ಮೆಷಿನ್ನು ಎಳೆದ. ಕೂತವನು ತೊಡೆಯ ಮೇಲೆ ಬಿದ್ದ ಒಂದು ಗೊಂಚಲನ್ನು ಹಿಡಿದುಕೊಂಡು ಎದ್ದುಹೋದ.

ಕೊನೆಗೆ ದುಡ್ಡು ಎಣಿಸುವಾಗ ಎಂಬತ್ತೊಂಬತ್ತೇ ತಲೆಯದ್ದು ಬಂತು.

"ತೊಂಬತ್ತೈದು ಜನ ಇದ್ರಲ್ಲ."

"ಆರು ಜನ ಬೋಳು. ಬೋಳಿಗೆ ಯಾರ್ರೀ ದುಡ್ಡು ಕೊಡ್ತಾರೆ?"

"ಬೋಳಿಗೂ ಸುತ್ತ ಇರುತ್ತೆ ಸ್ವಾಮಿ. ಅದನ್ನ ನಿಮ್ಮಜ್ಜ ತೆಗೆದನಾ?" ಅನ್ನಬೇಕಾಗಿತ್ತು ಅವನು. ಹಳೆಯ ಸಣ್ಣಕತ್ರಿ ಆಗಿದ್ದರೆ ಅಂದೇ ಅನ್ನುತ್ತಿದ್ದ, ಕೂತವರು ನಗುತ್ತಿದ್ದರು, ದುಡ್ಡು ಬಿಸಾಡಿ ಬರುತ್ತಿದ್ದ. ಈಗ ಅವನಿಗೆ ಬಾಡಿಗೆ, ಕರೆಂಟು, ಕಂತು ಒಂದೊಂದಾಗಿ ಕಣ್ಣಮುಂದೆ ಬಂದು ನಿಂತವು. ಎರಡು ಕೈಯಲ್ಲೂ ದುಡ್ಡು ತೆಗೆದುಕೊಂಡು, "ಗುರುವಾರ ಎಷ್ಟು ಹೊತ್ತಿಗೆ?" ಅಂತ ಕೇಳಿದ. ಮುಂದಿನ ತಂಡ ಬಂದಾಗ ಭಾವಮೈದ ಮಾತಾಡಿ ಬೋಳಿನವರನ್ನೂ ಲೆಕ್ಕಕ್ಕೆ ಸೇರಿಸಿದ. ಅದಕ್ಕೆ ಬದಲು ಮೇಲ್ವಿಚಾರಕನ ಕ್ಷೌರ ಪುಕ್ಕಟೆ.

ಎರಡು ತಿಂಗಳು ಹೀಗೆ ನಡೆಯಿತು. ಬಲಗೈಯಲ್ಲಿ ಮೆಷಿನ್ನಿನ ಜುಮುಜುಮು ಊಟ ಮಾಡುವಾಗಲೂ ನಿಲ್ಲುತ್ತಿರಲಿಲ್ಲ. ನೀರಿನ ಲೋಟ ಹಿಡಿದರೆ ಮೇಲೆ ಅಲೆ ಏಳುತ್ತಿತ್ತು. ಹೆಂಡತಿ ನೋಡಿಯೂ ನೋಡದ ಹಾಗೆ ಅರ್ಧ ಲೋಟ ತುಂಬತೊಡಗಿದಳು.

ಅಂಗಡಿ ತೆರೆದ ಆರನೆಯ ತಿಂಗಳು ಮುಗಿದ ಮರುದಿನ ಮಧ್ಯಾಹ್ನ ಭಾವಮೈದ ಹಾಳೆ ಬೀಸಿಕೊಂಡು ಬಂದ.

"ಅಂಗಡೀಲಿ ಇನ್ನೂರ ಆರು ತಲೆ. ಅಲ್ಲಿ ಏಳುನೂರ ಅರವತ್ತು. ಅಲ್ಲಿನ ಖರ್ಚು ತಲೆಗೆ ಮೂರು, ಅದನ್ನೂ ಸೇರಿಸಿ ಎಲ್ಲ ಕಳೆದು, ನಿನ್ನ ಹದಿನೆಂಟು ಸಾವಿರಾನೂ ಕಳೆದು, ಎಷ್ಟು ಉಳಿದಿದೆ ಹೇಳು?"

"ಎಷ್ಟು?"

"ಅರವತ್ತು!"

"ಸಾವಿರನಾ?" ಅಂದಳು ಹೆಂಡತಿ. ಊಟದ ಡಬ್ಬಿ ತಂದವಳು ಬೆಂಚಿನ ಮೇಲೆ ಕೂತಿದ್ದಳು.

"ಬರೀ ಅರವತ್ತು ಅಕ್ಕ. ಆದ್ರೆ ಸಮ ಆಯ್ತಲ್ಲ! ಆರಕ್ಕೇರಲಿಲ್ಲ, ಮೂರಕ್ಕಿಳೀಲಿಲ್ಲ. ನಾನು ಹಾಕಿದ ಲೆಕ್ಕ ಸುಳ್ಳಾಗಲಿಲ್ಲ ನೋಡು." ಅವನು ಕುರ್ಚಿ ಹತ್ತಿ ಕೂತು ಕಾಲು ಚಾಚಿದ. "ನಾಳೆ ನಮ್ಮ ಸಾಹೇಬ್ರ ಮುಂದೆ ನಿಲ್ಲಬೇಕು ಭಾವ, ಬಡ್ತಿ ವಿಷಯ. ನಿನ್ನ ಕೈಯ ಅಸಲಿ ಕಟಿಂಗು ಮಾಡು. ಎಷ್ಟು ಹೊತ್ತಾದ್ರೂ ಪರವಾಗಿಲ್ಲ. ಇವತ್ತು ಖುಷಿ ದಿನ."

ಸಣ್ಣಕತ್ರಿಗೂ ಹಾಗೇ ಅನಿಸಿತ್ತು. ಹುಡುಗ ಕೆಟ್ಟವನಲ್ಲ, ಅವನಿಂದಲೇ ಬಾಗಿಲು ತೆರೆದಿದೆ. ಅಂಗಡಿ ಖಾಲಿ ಇತ್ತು, ಹೊತ್ತು ಬೇಕಾದಷ್ಟಿತ್ತು. ಬಟ್ಟೆ ಸುತ್ತಿದ, ನೀರು ಚಿಮುಕಿಸಿದ, ಬಾಚಿದ. ಭಾವಮೈದ ಕಣ್ಣು ಮುಚ್ಚಿಕೊಂಡು, ಎರಡನೆಯ ಅಂಗಡಿ ತೆರೆದರೆ ಖರ್ಚು ಹೇಗೆ ಹಂಚಿಹೋಗುತ್ತೆ ಅಂತ ವಿವರಿಸುತ್ತಿದ್ದ. ಸಣ್ಣಕತ್ರಿ ಹೂಂ ಅನ್ನುತ್ತಿದ್ದ.

"ಅಯ್ಯೋ!" ಅಂದಳು ಹೆಂಡತಿ.

ಅವನು ಕನ್ನಡಿ ನೋಡಿದ. ಹಣೆಯಿಂದ ನೆತ್ತಿಯವರೆಗೆ ಎರಡು ಬೆರಳಗಲದ ದಾರಿ ಬಿದ್ದಿತ್ತು. ಮೆಷಿನ್ನು ಕೈಯಲ್ಲಿ ಗುಯ್‌ಗುಡುತ್ತಿತ್ತು. ಅದನ್ನು ಯಾವಾಗ ಕೈಗೆತ್ತಿಕೊಂಡೆ ಅನ್ನುವುದು ಅವನಿಗೇ ಗೊತ್ತಿರಲಿಲ್ಲ.

ಭಾವಮೈದ ಕಣ್ಣು ಬಿಟ್ಟ. ಬಾಯಿ ಬಿಟ್ಟ. ಆಮೇಲೆ ಮುಖ ಸಣ್ಣದು ಮಾಡಿಕೊಂಡು, "ಕೋಪ ನನ್ನ ಮೇಲೆ ಇತ್ತು ಅಂತ ಗೊತ್ತಿತ್ತು ಭಾವ," ಅಂದ. "ಬಾಯಲ್ಲಿ ಬೈದಿದ್ರೆ ಆಗ್ತಿತ್ತು. ನಾಳೆ ನಾನು ಸಾಹೇಬ್ರ ಮುಂದೆ ಹೇಗೆ ನಿಲ್ಲಲಿ?"

"ತಮಾಷೆಗೆ ಮಾಡಿರ್ತಾರೆ ಬಿಡೋ," ಅಂದಳು ಹೆಂಡತಿ, ಗಂಡನ ಮುಖ ನೋಡುತ್ತ. ಅದು ತಮಾಷೆಯಲ್ಲ ಅಂತ ಅವಳಿಗೆ ತಿಳಿಯಿತು. ಕೋಪವಲ್ಲ ಅಂತಲೂ ತಿಳಿಯಿತು. ಅವಳು ಎದ್ದು ನಿಂತಳು, ಮುಂದೆ ಬರಲಿಲ್ಲ.

ಸಣ್ಣಕತ್ರಿ ಕೋಪ ಬಂದೀತೇ ಅಂತ ಕಾದ. ಬಂದಿದ್ದರೆ ಒಂದು ಮಾತು ಬೈದು, ಮೆಷಿನ್ನು ಗೋಡೆಗೆ ಬಡಿದು, ಎಲ್ಲ ಅವರಿವರ ತಲೆಗೆ ಕಟ್ಟಬಹುದಾಗಿತ್ತು. ಬರಲಿಲ್ಲ. ಡ್ರಾಯರು ಎಳೆದು ಸಣ್ಣ ಕತ್ತರಿ ತೆಗೆದು ಬೆರಳಿಗೆ ಹಾಕಿಕೊಂಡು, ಉಳಿದ ಕೂದಲಿನ ಹತ್ತಿರ ಹಿಡಿದ. ತುದಿ ನಿಲ್ಲಲಿಲ್ಲ, ಕಿವಿಯ ಪಕ್ಕದಲ್ಲಿ ನಡುಗಿತು. ಭಾವಮೈದ ಹೆದರಿ ಕತ್ತು ಎಳೆದುಕೊಂಡ.

"ಅಲುಗಬೇಡ," ಅಂದ ಸಣ್ಣಕತ್ರಿ. ಕತ್ತರಿ ಒಳಗಿಟ್ಟು ಡ್ರಾಯರು ಮುಚ್ಚಿದ. ಮತ್ತೆ ಮೆಷಿನ್ನೇ ಹಿಡಿದು, ಬಿದ್ದ ದಾರಿಗೆ ಸರಿಯಾಗಿ ಉಳಿದದ್ದನ್ನೂ ಇಳಿಸಿದ. ನಾಲ್ಕು ನಿಮಿಷ ಹಿಡಿಯಿತು. ತಲೆಯೆಲ್ಲ ಒಂದೇ ಅಳತೆ, ಎಲ್ಲೂ ಹೆಚ್ಚಿಲ್ಲ, ಕಮ್ಮಿ ಇಲ್ಲ.

ಕತ್ತು ಒರೆಸಿ, ಬಟ್ಟೆ ಝಾಡಿಸಿ, "ಏಳು, ಆಯ್ತು," ಅಂದ.